ರಿಂಗಿನ ಕೆಳಗಿನ ಜಾಗ

೧೯೯೬ರ ಏಪ್ರಿಲ್‌ನಲ್ಲಿ ಗರುಡಾಚಾರ್‌ಪಾಳ್ಯದ ಸುಕನ್ಯ ಊರ ಹತ್ತಿರದ ಯಂತ್ರಭಾಗಗಳ ಕಾರ್ಖಾನೆಗೆ ಸೇರಿದಾಗ ಅವಳ ಎತ್ತರ ಐದಡಿ ನಾಲ್ಕಂಗುಲ. ಬ್ಯಾಸ್ಕೆಟ್‌ಬಾಲ್ ಆಡುವವಳಿಗೆ ಇದು ಹೆಚ್ಚೇನೂ ಅಲ್ಲ. ಕ್ರೀಡಾ ಕೋಟಾದಲ್ಲಿ ಅವಳಿಗೆ ಸಿಕ್ಕಿದ್ದು ಒಂದು ವರ್ಷದ ಸ್ಟೈಪೆಂಡಿನ ಕೆಲಸ. ಬೆಳಗ್ಗೆಯಿಂದ ಮೂರೂವರೆವರೆಗೆ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಅಳತೆ, ನಾಲ್ಕರಿಂದ ಆರರವರೆಗೆ ಕೋರ್ಟು. ವರ್ಷದ ಕೊನೆಗೆ ಇವಳು ತಂಡಕ್ಕೆ ಬೇಕು ಅನ್ನಿಸಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಮಾರ್ಚ್ ಮೂವತ್ತೊಂದಕ್ಕೆ ಗೇಟ್‌ಪಾಸ್ ಒಪ್ಪಿಸಿ ಮನೆಗೆ ಹೋಗುವುದು.

ಅವಳಿಗೆ ಕೆಲಸ ತುಂಬ ಹಿಡಿಸಿತ್ತು. ಬಿ.ಎಸ್ಸಿ. ಓದುವಾಗ ಪ್ರಯೋಗಾಲಯದಲ್ಲಿ ಆರು ಜನರಿಗೆ ಒಂದು ವರ್ನಿಯರ್ ಕ್ಯಾಲಿಪರ್, ಅದರ ದವಡೆಯೂ ಸವೆದಿತ್ತು. ಇಲ್ಲಿ ತಣ್ಣನೆಯ ಕೋಣೆ, ಮೇಜಿನ ತುಂಬ ಮೈಕ್ರೋಮೀಟರುಗಳು. ಒಂದು ಸಲಾಕೆ ಕೂದಲೆಳೆಯ ಹತ್ತನೇ ಒಂದರಷ್ಟು ಹೆಚ್ಚು ದಪ್ಪವಾಗಿದ್ದರೂ ಕೈಗೆ ಸಿಕ್ಕಿಬೀಳುತ್ತಿತ್ತು. ಸಂಜೆ ಸೈಕಲ್ ಹತ್ತಿ ಮನೆಗೆ ಹೋಗುವಾಗ, ಇವತ್ತು ಎಷ್ಟು ತುಂಡು ಅಳೆದೆ, ಎಷ್ಟು ತಿರಸ್ಕರಿಸಿದೆ ಎಂದು ನೆನೆದುಕೊಂಡರೆ ಅವಳಿಗೆ ಊಟ ಮಾಡಿದಷ್ಟು ತೃಪ್ತಿ. ಈ ಕೋಣೆಯಲ್ಲೇ ಉಳಿಯಬೇಕು ಎಂಬುದು ಅವಳ ಆಸೆ. ಆದರೆ ಉಳಿಯುವ ದಾರಿ ಕೋರ್ಟಿನ ಮೂಲಕವೇ ಇತ್ತು.

ತಂಡದ ತರಬೇತಿ ಪರ್ವೀನ್ ಮೇಡಂ ಅವರದು. ಪುಲಿಕೇಶಿನಗರದವರು, ವಯಸ್ಸು ನಲವತ್ತೈದು, ಹಗಲು ಹೊತ್ತು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ಪುಸ್ತಕ ನೋಡಿಕೊಳ್ಳುತ್ತಿದ್ದರು. ಸಂಜೆ ಕುತ್ತಿಗೆಗೆ ಸೀಟಿ ಹಾಕಿಕೊಂಡು ಕೋರ್ಟಿನ ಅಂಚಿನಲ್ಲಿ ನಿಂತರೆ ಹುಡುಗಿಯರು ಉಸಿರು ಬಿಗಿಹಿಡಿಯುತ್ತಿದ್ದರು. ಅವರು ಸುಕನ್ಯಳಿಗೆ ವಹಿಸಿದ ಕೆಲಸ ರಿಬೌಂಡ್. ಯಾರೋ ಹೊಡೆದ ಶಾಟ್ ರಿಂಗಿನೊಳಗೆ ಬೀಳದೆ ಪುಟಿದು ಬಂದಾಗ ಆ ಚೆಂಡನ್ನು ನಮ್ಮದಾಗಿಸಿಕೊಳ್ಳುವುದು. ಪ್ರತಿ ಪಂದ್ಯದಲ್ಲೂ ಅರ್ಧಕ್ಕಿಂತ ಹೆಚ್ಚು ಶಾಟ್‌ಗಳು ತಪ್ಪುತ್ತವೆ. ಹಾಗೆ ತಪ್ಪಿದ ಚೆಂಡು ಯಾರ ಕೈಗೆ ಹೋಗುತ್ತದೋ ಮುಂದಿನ ಅವಕಾಶ ಅವರದು. ಇದು ಸಾಮಾನ್ಯವಾಗಿ ಎತ್ತರದವರ ಕೆಲಸ. ತಂಡದಲ್ಲಿ ಎತ್ತರದವರು ಯಾರೂ ಇರಲಿಲ್ಲ.

ಸುಕನ್ಯ ಈ ಕೆಲಸವನ್ನು ತನಗೆ ಗೊತ್ತಿದ್ದ ರೀತಿಯಲ್ಲಿ ಹಿಡಿದಳು. ಗ್ರಾಫ್ ಕಾಗದ ತಂದು ಅದರ ಮೇಲೆ ಅರ್ಧ ಕೋರ್ಟಿನ ನಕ್ಷೆ ಬರೆದಳು. ತಂಡದ ಶೂಟರ್ ಪದ್ಮಶ್ರೀಯನ್ನು ಏಳು ಬೇರೆ ಬೇರೆ ಜಾಗಗಳಲ್ಲಿ ನಿಲ್ಲಿಸಿ ಶಾಟ್ ಹೊಡೆಸಿದಳು. ತಪ್ಪಿದ ಚೆಂಡು ಎಲ್ಲಿ ನೆಲ ಮುಟ್ಟಿತೋ ಅಲ್ಲಿ ಸೀಮೆಸುಣ್ಣದ ಗುರುತು, ಆಮೇಲೆ ಕಾಗದದ ಮೇಲೆ ಒಂದು ಚುಕ್ಕೆ.

"ಲೇ ಸುಕ್ಕು, ನಾನು ಹೊಡೆದಿದ್ದು ಒಳಗೆ ಬಿದ್ರೆ ನೀನು ಮುಖ ಸಿಂಡರಿಸ್ತೀಯಲ್ಲೇ, ಇದ್ಯಾವ ನ್ಯಾಯ?" ಎಂದು ಪದ್ಮಶ್ರೀ ಸಿಡುಕುತ್ತಿದ್ದಳು.

"ಒಳಗೆ ಬಿದ್ದಿದ್ದು ಲೆಕ್ಕಕ್ಕಿಲ್ಲ. ಇನ್ನೊಂದು ಹೊಡಿ, ತಪ್ಪಾಗಿ ಹೊಡಿ."

"ಬೇಕಂತ ತಪ್ಪು ಹೊಡೆದ್ರೆ ನಿನ್ನ ಸೈನ್ಸ್ ಕೆಟ್ಟೋಗಲ್ವಾ?"

ಪ್ರಶ್ನೆ ಸರಿಯಾಗಿದೆ ಅನ್ನಿಸಿ ಸುಕನ್ಯ ಆ ದಿನದ ಹನ್ನೆರಡು ಚುಕ್ಕೆಗಳನ್ನು ಅಳಿಸಿದಳು.

ಜುಲೈ ಕೊನೆಗೆ ಆರುನೂರ ನಲವತ್ತು ಚುಕ್ಕೆಗಳಾದವು. ಎರಡು ವಿಷಯ ಸ್ಪಷ್ಟವಾಗಿ ಕಂಡವು. ಒಂದು ಮೂಲೆಯಿಂದ ಹೊಡೆದು ತಪ್ಪಿದ ಹತ್ತು ಶಾಟ್‌ಗಳಲ್ಲಿ ಏಳು ಎದುರು ಬದಿಗೆ ಬೀಳುತ್ತವೆ. ಇನ್ನು ದೂರದಿಂದ ಹೊಡೆದ ಚೆಂಡು ರಿಂಗಿನಿಂದ ಸರಾಸರಿ ಎರಡು ಮೀಟರ್ ಎಪ್ಪತ್ತು ಸೆಂಟಿಮೀಟರ್ ಆಚೆ ಹೋಗಿ ಬೀಳುತ್ತದೆ. ಹಾಗಿದ್ದಮೇಲೆ ಹಾರುವ ಅಗತ್ಯವೇನು? ಬೀಳುವ ಜಾಗಕ್ಕೆ ಮೊದಲೇ ಹೋಗಿ ನಿಂತರಾಯಿತು. ಪರ್ವೀನ್ ಮೇಡಂ "ಬಾಕ್ಸ್ ಔಟ್, ಬಾಕ್ಸ್ ಔಟ್" ಎಂದು ದಿನವೂ ಕೂಗುತ್ತಿದ್ದರು. ಎದುರಾಳಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಅವಳಿಗೆ ರಿಂಗಿನತ್ತ ದಾರಿ ಕೊಡದೆ ನಿಲ್ಲು ಎಂದು ಅದರ ಅರ್ಥ. ಚೆಂಡು ಎಲ್ಲಿ ಬೀಳುತ್ತದೆಂದು ಗೊತ್ತಿಲ್ಲದವರಿಗೆ ಆ ಕಷ್ಟ ಎಂದು ಸುಕನ್ಯ ಮನಸ್ಸಿನಲ್ಲೇ ಅಂದುಕೊಂಡಳು.

ಆಗಸ್ಟಿನಲ್ಲಿ ನಗರದ ಲೀಗ್ ಶುರುವಾಯಿತು. ಮೊದಲ ಸುತ್ತಿನ ಕೊನೆಯ ಪಂದ್ಯ ಹಲಸೂರು ಕೆರೆಯ ಹತ್ತಿರದ ಒಂದು ಕ್ಲಬ್ಬಿನ ಅಂಗಳದಲ್ಲಿ, ಆ ಕ್ಲಬ್ಬಿನ ತಂಡದ ಮೇಲೆ. ರಿಂಗಿನ ಕೆಳಗೆ ಆಡುವ ಅವರ ಸೆಂಟರ್ ನಾಗರತ್ನಾ. ರಾಯಚೂರು ಕಡೆಯವಳು. ತಂದೆ ಹುಲಿಗೆಪ್ಪ ಗಾರೆ ಕೆಲಸಕ್ಕೆಂದು ಬಂದು ರಾಮಮೂರ್ತಿ ನಗರದ ಬಾಡಿಗೆ ಕೋಣೆಯಲ್ಲಿ ಸಂಸಾರ ಹೂಡಿದ್ದರು. ಮಗಳ ಎತ್ತರ ಐದಡಿ ಹನ್ನೊಂದಂಗುಲ.

ಪದ್ಮಶ್ರೀ ಬಲ ಮೂಲೆಯಿಂದ ಮೊದಲ ಶಾಟ್ ಹೊಡೆದಳು, ತಪ್ಪಿತು. ಸುಕನ್ಯ ಎಡಬದಿಗೆ ಓಡಿ ಎರಡು ಮೀಟರ್ ಎಪ್ಪತ್ತಕ್ಕೆ ಸರಿಯಾಗಿ ನಿಂತಳು. ಚೆಂಡು ರಿಂಗಿಗೆ ಬಡಿದು, ಸುಸ್ತಾದಂತೆ ಒಂದೇ ಮೀಟರಿನೊಳಗೆ ಕೆಳಗಿಳಿಯಿತು. ನಾಗರತ್ನಾ ಕೈಚಾಚಿ ಅದನ್ನು ಹಣ್ಣು ಕಿತ್ತಂತೆ ಕಿತ್ತುಕೊಂಡಳು. ಎರಡನೆಯದೂ ಹಾಗೇ, ಐದನೆಯದೂ ಹಾಗೇ. ಆರನೇ ಸಲ ನಾಗರತ್ನಾ ಚೆಂಡು ಹಿಡಿದುಕೊಂಡೇ ತಿರುಗಿ ನೋಡಿದಳು.

"ಏನ್ ತಂಗಿ, ಅಲ್ಲಿ ನಿಂತು ಬಸ್ಸು ಕಾಯಾಕತ್ತೀಯೇನು?"

ಎರಡೂ ಬೆಂಚಿನವರು ನಕ್ಕರು. ಪದ್ಮಶ್ರೀಯೂ ನಕ್ಕಳು. ಪಂದ್ಯ ಹನ್ನೊಂದು ಅಂಕಗಳಿಂದ ಹೋಯಿತು. ಅಧಿಕೃತ ಸ್ಕೋರ್ ಹಾಳೆಯಲ್ಲಿ ಅಂಕ ಮತ್ತು ಫೌಲ್ ಮಾತ್ರ ಬರೆಯುತ್ತಿದ್ದರು. ರಿಬೌಂಡ್ ಎಣಿಸುವವರು ಬೇರೆ. ಕಾರ್ಖಾನೆಯ ಸ್ಟೋರ್ಸ್‌ನ ಅಮರಪ್ಪ, ಒಂದು ಕಾಲದಲ್ಲಿ ತಾವೇ ಆಟಗಾರರು, ಪಂದ್ಯಕ್ಕೆ ಬಂದಾಗಲೆಲ್ಲ ಸ್ಟೋರ್ಸ್‌ನ ಉದ್ದ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ತಂಡದವರ ಹೆಸರಿನ ಮುಂದೆ ಗೀಟು ಹಾಕುತ್ತಿದ್ದರು. ಅದರಲ್ಲಿ ನಾಗರತ್ನಾಳ ಮುಂದೆ ಹದಿನಾಲ್ಕು ಗೀಟು, ಸುಕನ್ಯಳ ಮುಂದೆ ಒಂದು.

"ಆ ಒಂದು ಕೂಡ ಉರುಳ್ಕೊಂಡು ನಿನ್ನ ಕಾಲಿಗೆ ಬಂತಮ್ಮ, ಆದ್ರೂ ಹಾಕಿದೀನಿ" ಎಂದರು ಅಮರಪ್ಪ.

ಸೋಮವಾರ ತಮ್ಮ ಕೋರ್ಟಿನ ಬೋರ್ಡನ್ನು ತಲೆ ಎತ್ತಿ ಸರಿಯಾಗಿ ನೋಡಿದಾಗ ಅವಳಿಗೆ ಕಾರಣ ಗೊತ್ತಾಯಿತು. ಈ ಕಾರ್ಖಾನೆಯಲ್ಲಿ ಏನನ್ನೇ ಆಗಲಿ ಹೊರಗಿನಿಂದ ಕೊಂಡು ತರುವುದು ಅವಮಾನ ಎಂಬ ಭಾವನೆ ಹಿಂದಿನಿಂದಲೂ ಇತ್ತು. ಕ್ಯಾಂಟೀನಿನ ಬೆಂಚಿನಿಂದ ಧ್ವಜಸ್ತಂಭದವರೆಗೆ ಎಲ್ಲವೂ ಒಳಗೇ ತಯಾರಾದದ್ದು. ಬ್ಯಾಸ್ಕೆಟ್‌ಬಾಲ್ ಬೋರ್ಡನ್ನೂ ಎಪ್ಪತ್ತರ ದಶಕದಲ್ಲಿ ಫ್ಯಾಬ್ರಿಕೇಷನ್ ಶಾಪಿನವರೇ ಮಾಡಿದ್ದರು. ಎತ್ತರ ಕರಾರುವಾಕ್ಕು, ರಿಂಗಿನ ವ್ಯಾಸ ಕರಾರುವಾಕ್ಕು, ಮೂಲೆಯಲ್ಲಿ ಇನ್‌ಸ್ಪೆಕ್ಷನ್ನಿನ ಮುದ್ರೆ ಕೂಡ ಇತ್ತು. ಆದರೆ ಬೋರ್ಡು ಹತ್ತು ಮಿಲಿಮೀಟರ್ ಉಕ್ಕಿನ ತಗಡು, ರಿಂಗನ್ನು ಅದಕ್ಕೇ ವೆಲ್ಡ್ ಮಾಡಿದ್ದರು. ಇಪ್ಪತ್ತು ವರ್ಷವಾದರೂ ಒಂದು ಎಳೆ ಅಲ್ಲಾಡಿರಲಿಲ್ಲ. ಅದಕ್ಕೆ ಬಡಿದ ಚೆಂಡು ಅಡಿಗಲ್ಲಿಗೆ ಬಡಿದಂತೆ ದೂರ ಹಾರುತ್ತಿತ್ತು. ಹಲಸೂರಿನದು ಮರದ ಬೋರ್ಡು. ಹುಡುಗರು ನೇತಾಡಿ ನೇತಾಡಿ ರಿಂಗ್ ಸಡಿಲವಾಗಿತ್ತು. ಚೆಂಡಿನ ವೇಗವನ್ನೆಲ್ಲ ಅದೇ ನುಂಗುತ್ತಿತ್ತು. ಸುಕನ್ಯ ಮೂರು ತಿಂಗಳು ಕೂತು ಕಲಿತದ್ದು ರಿಬೌಂಡ್ ಅಲ್ಲ, ತನ್ನ ಕಾರ್ಖಾನೆಯ ಬೆಸುಗೆಯ ಗಟ್ಟಿತನ.

ಅದೇ ವಾರ ಕ್ರೀಡಾ ಅಧಿಕಾರಿ ಮುನಿರಾಜಪ್ಪನವರು ಟೈಮ್ ಆಫೀಸಿಗೆ ಬಂದು ಪರ್ವೀನ್ ಅವರೊಡನೆ ಮಾತಾಡಿದರು. ಹಾಜರಿ ಚೀಟಿ ಕೊಡಲು ಬಂದಿದ್ದ ಸುಕನ್ಯ ಬಾಗಿಲಲ್ಲೇ ನಿಂತಿದ್ದಳು. ಅವರು ಅವಳನ್ನು ನೋಡಿಯೂ ದನಿ ತಗ್ಗಿಸಲಿಲ್ಲ, ಅವಳ ಕಡೆಗೇ ತಿರುಗಿದರು.

"ಪಾಯಿಂಟ್ ಇಲ್ಲ, ಹೈಟೂ ಇಲ್ಲ. ನನಗೇನೂ ಕೋಪ ಇಲ್ಲಮ್ಮ, ಒಳ್ಳೆ ಹುಡುಗೀನೇ ನೀನು. ಆದ್ರೆ ಇರೋದು ಒಂದೇ ಪೋಸ್ಟು. ಫೆಬ್ರವರಿಯಲ್ಲಿ ಎರಡನೇ ಸುತ್ತು ಆಗ್ಲಿ, ಹೀಗೇ ಇದ್ರೆ ಬೇರೆ ಯಾರನ್ನಾದ್ರೂ ಎತ್ತರದವರನ್ನ ನೋಡ್ಬೇಕಾಗತ್ತೆ."

ಅವರು ಹೋದ ಮೇಲೆ ಪರ್ವೀನ್ ಮೇಡಂ ಕುರ್ಚಿ ಎಳೆದು ಅವಳನ್ನು ಕೂರಿಸಿದರು.

"ನಿನ್ನ ಕಾಗದ ತಾ ಬೇಟಾ, ನೋಡೋಣ."

ಸುಕನ್ಯ ಚೀಲದಿಂದ ಗ್ರಾಫ್ ತೆಗೆದು ಮೇಜಿನ ಮೇಲೆ ಹರಡಿದಳು. ಮೇಡಂ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಅರೆ ವಾ, ಎಷ್ಟು ನೀಟಾಗಿದೆ. ಇದರಲ್ಲಿ ನಾಗರತ್ನಾ ಎಲ್ಲಿ?"

"ಮೇಡಂ?"

"ಆರುನೂರ ನಲವತ್ತು ಸಲ ಚೆಂಡು ಬಿದ್ದಿದೆ. ಒಂದು ಸಲಾನಾದ್ರೂ ಇನ್ನೊಬ್ಬರು ಯಾರಾದ್ರೂ ಕೋರ್ಟಲ್ಲಿ ನಿಂತಿದ್ರಾ?"

ನಿಂತಿರಲಿಲ್ಲ. ಸುಕನ್ಯ ಗ್ರಾಫನ್ನು ತನ್ನ ಕಡೆ ತಿರುಗಿಸಿಕೊಂಡಳು. ಪ್ರಯೋಗದಲ್ಲಿ ಮುಖ್ಯವಾದ ಒಂದು ಅಂಶವನ್ನೇ ಬಿಟ್ಟು ಉಳಿದದ್ದೆಲ್ಲವನ್ನೂ ದಶಮಾಂಶದವರೆಗೆ ಅಳೆದಿದ್ದಳು.

"ಚೆಂಡು ಎಲ್ಲಾದ್ರೂ ಬೀಳ್ಲಿ" ಎಂದರು ಮೇಡಂ. "ಅವಳು ಅಲ್ಲಿಗೆ ಹೋಗದೇ ಇರೋ ಹಾಗೆ ನೋಡ್ಕೋ. ನಿನಗೆ ಸಿಕ್ಕಿದ್ರೂ ಸರಿ, ಪದ್ಮಶ್ರೀಗೆ ಸಿಕ್ಕಿದ್ರೂ ಸರಿ. ಯಾರಿಗೂ ಸಿಗದೆ ನೆಲಕ್ಕೆ ಬಿದ್ರೆ ಇನ್ನೂ ಖುಷಿ ನನಗೆ."

ಅಂದಿನಿಂದ ಅಭ್ಯಾಸ ಬದಲಾಯಿತು. ಆದರೆ ಬಾಕ್ಸ್ ಔಟ್ ಅವಳಿಗೆ ಒಲಿಯಲಿಲ್ಲ. ತಿರುಗಿ ಬೆನ್ನು ಕೊಡುವಷ್ಟರಲ್ಲಿ ಎದುರಿನವಳು ಪಕ್ಕದಿಂದ ನುಸುಳಿರುತ್ತಿದ್ದಳು. ತಡೆಯಲು ಕೈ ಚಾಚಿದರೆ ಸೀಟಿ, ಫೌಲ್. ಐದು ಫೌಲ್‌ ಆದರೆ ಆಟದಿಂದಲೇ ಹೊರಗೆ. ಒಂದು ಸಂಜೆ ಹತ್ತೇ ನಿಮಿಷದಲ್ಲಿ ನಾಲ್ಕು ಫೌಲ್‌ ಆದಾಗ ಪದ್ಮಶ್ರೀ ಪಕ್ಕೆ ಉಜ್ಜಿಕೊಳ್ಳುತ್ತ, "ಗುರುವೇ, ನೀನು ಚುಕ್ಕೆ ಇಡ್ತಿದ್ದಾಗ್ಲೇ ನನ್ನ ಮೈ ಚೆನ್ನಾಗಿತ್ತು" ಎಂದಳು.

ಆ ಕಾಲಕ್ಕೆ ಗರುಡಾಚಾರ್‌ಪಾಳ್ಯದಲ್ಲಿ ಹೊಲಗಳು ಹೋಗಿ ಶೆಡ್ಡುಗಳು ಬಂದಿದ್ದವು. ಸುಕನ್ಯಳ ಅಪ್ಪ ಮುನಿಆಂಜನಪ್ಪನೂ ಉಳಿದ ಜಾಗದಲ್ಲಿ ಶೆಡ್ಡು ಕಟ್ಟಿಸಿ ಲೇತ್ ಮಿಷನ್ನಿನವರಿಗೆ ಬಾಡಿಗೆಗೆ ಕೊಟ್ಟಿದ್ದ. ಆದರೆ ಅವ್ವ ಗಂಗಲಕ್ಷ್ಮಮ್ಮ ಎರಡು ಹಸುಗಳನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಮನೆಯ ಗೋಡೆಗೂ ಶೆಡ್ಡಿಗೂ ನಡುವಿನ ಓಣಿಯೇ ಕೊಟ್ಟಿಗೆ. ಡಿಸೆಂಬರಿನ ಒಂದು ಭಾನುವಾರ ಬೆಳಗ್ಗೆ ಸುಕನ್ಯ ಹಗ್ಗ ಬಿಚ್ಚಲು ಹಸುವಿಗೂ ಗೋಡೆಗೂ ನಡುವೆ ಹೋದಳು. ಹಸು ಆರಾಮಾಗಿ ಅವಳ ಮೇಲೇ ಒರಗಿತು. ಎರಡೂ ಕೈಯಿಂದ ತಳ್ಳಿದಷ್ಟೂ ಇನ್ನಷ್ಟು ಒರಗಿತು.

"ಕೈಯಾಗ್ ತಳ್ಳಿದ್ರೆ ಅದೂ ತಳ್ತದೆ ಕಣಮ್ಮಿ" ಎಂದಳು ಗಂಗಲಕ್ಷ್ಮಮ್ಮ, ಹಾಲಿನ ಪಾತ್ರೆ ತೊಳೆಯುತ್ತ. "ಬಿ.ಎಸ್ಸಿ. ಓದಿ ಹಸೀನೊಂದ್ಗೆ ಕುಸ್ತಿಗೆ ಬಿದ್ದವ್ಳೆ ನೋಡು."

"ಮತ್ತೆ ಹೆಂಗವ್ವಾ? ಉಸಿರು ಕಟ್ತಾ ಐತೆ!"

"ಕಾಲು ನೋಡು, ಕಾಲು. ನಾಲ್ಕೂ ಊರಿದ್ರೆ ನಿಮ್ಮಪ್ಪ ಬಂದ್ರೂ ಅಲ್ಲಾಡ್ಸಕ್ಕಾಗಕಿಲ್ಲ. ಒಂದು ಕಾಲು ಎತ್ತಿ ಇನ್ನೊಂದ್ಕೆ ಭಾರ ಹಾಕ್ತದಲ್ಲ, ಆಗ ಸೊಂಟ ಕೊಡು. ಕೊಟ್ಟು ತೆಗೀಬ್ಯಾಡ, ಅಲ್ಲೇ ಇರು."

ಸುಕನ್ಯ ಬಗ್ಗಿ ಹಸುವಿನ ಹಿಂಗಾಲುಗಳನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಅದು ಎಡಗಾಲನ್ನು ತುಸುವೇ ಎತ್ತಿತು. ಅವಳು ಮೊಣಕಾಲು ಮಡಿಸಿ ಸೊಂಟ ಆನಿಸಿದಳು. ಮುನ್ನೂರೈವತ್ತು ಕೆಜಿಯ ಪ್ರಾಣಿ, ನೆರೆಯವರಿಗೆ ದಾರಿ ಬಿಡುವಂತೆ ಅರ್ಧ ಹೆಜ್ಜೆ ಆಚೆ ಸರಿಯಿತು. ಸುಕನ್ಯ ಹಗ್ಗ ಬಿಚ್ಚುವುದನ್ನು ಮರೆತು ಅಲ್ಲೇ ನಿಂತಳು. ಆಮೇಲೆ ಇನ್ನೊಂದು ಹಸುವಿನ ಹತ್ತಿರ ಹೋಗಿ ಅದೇ ಪ್ರಯೋಗ ಮಾಡಿದಳು. ಒಂದರಿಂದ ತೀರ್ಮಾನಕ್ಕೆ ಬರಬಾರದು.

ಜನವರಿ ಪೂರ್ತಿ ಅವಳು ಶಾಟ್‌ಗಳನ್ನು ನೋಡಲಿಲ್ಲ. ಶೂಟರ್ ಕೈಯಿಂದ ಚೆಂಡು ಹೊರಟ ಕೂಡಲೇ ಕೋರ್ಟಿನಲ್ಲಿರುವವರೆಲ್ಲ ತಲೆ ಎತ್ತಿ ಮೇಲೆ ನೋಡುತ್ತಾರೆ. ಆ ಅರೆಕ್ಷಣದಲ್ಲಿ ಸುಕನ್ಯ ಒಬ್ಬಳು ಕೆಳಗೆ, ಪಕ್ಕದವಳ ಪಾದಗಳನ್ನು ನೋಡುತ್ತಿದ್ದಳು. ಯಾವ ಕಾಲಿನ ಮೇಲೆ ಭಾರ ಹೋಯಿತೆಂದು ತಿಳಿದೊಡನೆ ಒಂದು ಹೆಜ್ಜೆ ಅಡ್ಡ ಇಟ್ಟು, ತಿರುಗಿ, ಮೊಣಕಾಲು ಮಡಿಸಿ ಕೂರುವಂತೆ ಬಗ್ಗಿ, ಸೊಂಟವನ್ನು ಅವಳ ತೊಡೆಗೆ ಆನಿಸುವುದು. ಕೈಗಳು ಭುಜದೆತ್ತರಕ್ಕೆ, ಯಾರನ್ನೂ ಹಿಡಿಯದಂತೆ. ಹಳೆಯ ನಕ್ಷೆಯನ್ನೂ ಎಸೆಯಲಿಲ್ಲ. ಅದರಲ್ಲಿ ದೂರ ತಪ್ಪಿತ್ತು, ದಿಕ್ಕು ತಪ್ಪಿರಲಿಲ್ಲ. ಚೆಂಡು ಯಾವ ಬದಿಗೆ ಬರಬಹುದು ಎಂದು ಮೊದಲೇ ಗೊತ್ತಿದ್ದರೆ ಯಾವ ಬದಿಯ ದಾರಿ ಮುಚ್ಚಬೇಕು ಎಂಬುದೂ ಗೊತ್ತಿರುತ್ತದೆ.

ಫೆಬ್ರವರಿಯ ಎರಡನೇ ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಮತ್ತೆ ಹಲಸೂರು. ಮುನಿರಾಜಪ್ಪನವರು ಬಿಳಿ ಟೋಪಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು.

"ಬಂದಿಯಾ ತಂಗಿ? ಇವತ್ತ ಬಸ್ಸು ಎಷ್ಟೊತ್ತಿಗಿ?" ಎಂದಳು ನಾಗರತ್ನಾ.

ಸುಕನ್ಯ ಆಗಲೇ ನಾಗರತ್ನಾಳ ಬೂಟು ನೋಡುತ್ತಿದ್ದಳು. ಮೊದಲ ಐದು ನಿಮಿಷದಲ್ಲಿ ಒಂದು ವಿಷಯ ಖಚಿತವಾಯಿತು. ಚೆಂಡಿಗೆ ಹೊರಡುವ ಮುನ್ನ ನಾಗರತ್ನಾ ಪ್ರತಿ ಸಲವೂ ಬಲಗಾಲಿನ ಮೇಲೆ ಒಮ್ಮೆ ಭಾರ ಹಾಕುತ್ತಾಳೆ. ಆರನೇ ನಿಮಿಷದಿಂದ ಸುಕನ್ಯ ಆ ಕ್ಷಣಕ್ಕೆ ಅಲ್ಲಿದ್ದಳು.

"ಯವ್ವಾ, ಇದೇನಿದು, ಕಲ್ಲು ಬಂದು ಕುಂತೈತಿ!" ಎಂದು ನಾಗರತ್ನಾ ರೆಫರಿಯತ್ತ ನೋಡಿದಳು. ಸುಕನ್ಯಳ ಕೈಗಳು ಗಾಳಿಯಲ್ಲಿದ್ದವು. ರೆಫರಿ ಸೀಟಿ ಊದಲಿಲ್ಲ.

ಎಲ್ಲವೂ ಸುಸೂತ್ರವಾಗಿ ಆಗಲಿಲ್ಲ. ಮಧ್ಯಂತರದ ಹೊತ್ತಿಗೆ ಸುಕನ್ಯಳ ಮೇಲೆ ಮೂರು ಫೌಲ್, ಎರಡನೇ ಅರ್ಧದಲ್ಲಿ ನಾಲ್ಕನೆಯದು. ನಾಗರತ್ನಾ ಜಾಣೆ; ಬಲಗಾಲಿನ ಗುಟ್ಟು ಹೊರಬಿದ್ದಿದೆ ಎಂದು ತಿಳಿದು ಎಡಗಾಲಿಗೆ ಭಾರ ಹಾಕಿ ಬರತೊಡಗಿದಳು. ಆದರೆ ಅಭ್ಯಾಸವಿಲ್ಲದ ಕಾಲಿನ ಮೇಲೆ ಅವಳ ನೆಗೆತ ಒಂದು ಗೇಣು ಕಡಿಮೆಯಾಗುತ್ತಿತ್ತು. ಕೊನೆಯ ನಿಮಿಷಕ್ಕೆ ಕಾರ್ಖಾನೆ ಎರಡು ಅಂಕ ಮುಂದೆ. ಹಲಸೂರಿನವರ ಶಾಟ್ ಎಡ ಮೂಲೆಯಿಂದ ಹೊರಟಿತು. ಎಲ್ಲರ ತಲೆ ಮೇಲಾಯಿತು. ಇನ್ನೊಂದು ಫೌಲ್ ಆದರೆ ಆಟವೂ ಮುಗಿಯಿತು, ಬಹುಶಃ ಕೆಲಸವೂ. ಸುಕನ್ಯ ಕೆಳಗೆ ನೋಡಿದಳು, ಬಲಬದಿಗೆ ಅಡ್ಡ ಹೆಜ್ಜೆ ಇಟ್ಟಳು, ಬಗ್ಗಿದಳು. ಬೆನ್ನ ಮೇಲೆ ನಾಗರತ್ನಾಳ ಪೂರ್ತಿ ಭಾರ ಬಂತು. ಚೆಂಡು ರಿಂಗಿಗೆ ಬಡಿದು, ಬಲಕ್ಕೆ ಇಳಿದು, ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದು ಪುಟಿಯಿತು. ಪದ್ಮಶ್ರೀ ಓಡಿಬಂದು ಅದನ್ನು ಎದೆಗೆ ಅಪ್ಪಿಕೊಂಡಳು. ಅಂಚಿನಲ್ಲಿ ಪರ್ವೀನ್ ಮೇಡಂ ಎರಡೂ ಕೈಯಿಂದ ತಲೆ ಹಿಡಿದುಕೊಂಡು ನಗುತ್ತಿದ್ದರು.

ಪಂದ್ಯ ಗೆದ್ದರೂ ಮುನಿರಾಜಪ್ಪನವರ ಕೈಯಲ್ಲಿದ್ದದ್ದು ಅಧಿಕೃತ ಹಾಳೆ.

"ಸುಕನ್ಯ. ಎರಡು ಪಾಯಿಂಟ್, ನಾಲ್ಕು ಫೌಲ್" ಎಂದು ಓದಿದರು. "ಪರ್ವೀನ್ ಅವರೇ, ಇದನ್ನ ಮೇಲಿನವರಿಗೆ ಹೆಂಗೆ ತೋರಿಸ್ಲಿ ಹೇಳಿ?"

ಮೇಡಂ ಬಾಯಿ ತೆರೆಯುವ ಮೊದಲೇ ಸುಕನ್ಯ ಅಮರಪ್ಪನವರ ಕೈಯಿಂದ ಉದ್ದ ಪುಸ್ತಕ ತೆಗೆದುಕೊಂಡು ಬಂದಳು.

"ನನ್ನ ಸಾಲು ಬೇಡ ಸಾರ್, ನಾಗರತ್ನಾ ಅವರ ಸಾಲು ನೋಡಿ. ಆಗಸ್ಟಲ್ಲಿ ಹದಿನಾಲ್ಕು ರಿಬೌಂಡ್. ಇವತ್ತು ನಾಲ್ಕು."

ಮುನಿರಾಜಪ್ಪನವರು ಎರಡೂ ಪುಟಗಳನ್ನು ತಿರುವಿ ನೋಡಿದರು. ಇನ್ನೊಮ್ಮೆ ನೋಡಿದರು. "ಅಂದ್ರೆ ಆ ಹತ್ತು ನಿನ್ನಿಂದ ಕಡಿಮೆ ಆಯ್ತು ಅಂತೀಯ."

"ಇರಬಹುದು ಸಾರ್. ಆದ್ರೆ ಎರಡೇ ಮ್ಯಾಚು. ಇಷ್ಟರಿಂದ ಖಚಿತವಾಗಿ ಹೇಳೋಕಾಗಲ್ಲ."

ಪರ್ವೀನ್ ಮೇಡಂ ಅವಳ ಕಾಲು ತುಳಿದರು. ತುಳಿದದ್ದು ಮುನಿರಾಜಪ್ಪನವರಿಗೂ ಕಾಣಿಸಿತು.

"ಖಚಿತವಾಗಿ ಹೇಳೋಕೆ ಎಷ್ಟು ಮ್ಯಾಚು ಬೇಕು?"

"ಇದೇ ಟೀಮ್ ಮೇಲೆ ಇಪ್ಪತ್ತಾದ್ರೂ ಬೇಕು ಸಾರ್."

"ವರ್ಷಕ್ಕೆ ಎರಡು. ಹತ್ತು ವರ್ಷ ಆಯ್ತಲ್ಲಮ್ಮ!" ಮುನಿರಾಜಪ್ಪನವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಹತ್ತು ವರ್ಷ ಸ್ಟೈಪೆಂಡಲ್ಲಿ ಇಟ್ಕೊಳ್ಳೋಕೆ ರೂಲ್ಸ್ ಇಲ್ಲ. ಕಾಯಂ ಮಾಡದೆ ಬೇರೆ ದಾರೀನೇ ಇಲ್ಲ ನೋಡಿ ಪರ್ವೀನ್ ಅವರೇ."

ಅಮರಪ್ಪ ಪುಸ್ತಕವನ್ನು ಮೆಲ್ಲಗೆ ವಾಪಸು ಎಳೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡರು.

ಶಿಫಾರಸಿನ ನಮೂನೆಯಲ್ಲಿ "ವಿಶೇಷ ಸಾಧನೆ" ಎಂಬ ಕಲಂ ಇತ್ತು. ಮುನಿರಾಜಪ್ಪನವರು ಒಂದು ದಿನ ಯೋಚಿಸಿ, "ಎದುರಾಳಿಗೆ ಚೆಂಡು ಸಿಗದಂತೆ ನೋಡಿಕೊಳ್ಳುವರು" ಎಂದು ಬರೆದರು. ಮುಖ್ಯ ಕಚೇರಿಯಿಂದ ಒಂದು ಟಿಪ್ಪಣಿ ಬಂತು: ಈ ಹುದ್ದೆ ಭದ್ರತಾ ವಿಭಾಗಕ್ಕೆ ಸೇರಿದ್ದೇ, ಸ್ಪಷ್ಟಪಡಿಸುವುದು. ಅವರು ಸ್ಪಷ್ಟಪಡಿಸಿದರು. ಮಾರ್ಚ್ ಇಪ್ಪತ್ತೇಳರಂದು ಆದೇಶ ಬಂತು. ಸುಕನ್ಯ ಅದನ್ನು ಎರಡು ಸಲ ಓದಿ, ಮಡಿಸಿ ಜೇಬಿನಲ್ಲಿಟ್ಟುಕೊಂಡು, ಅರ್ಧಕ್ಕೆ ನಿಲ್ಲಿಸಿದ್ದ ತುಂಡಿನ ಅಳತೆ ಮುಗಿಸಿದಳು.

ಆಮೇಲೆ ಅವಳು ೨೦೦೫ರವರೆಗೆ ಆಡಿದಳು. ಅಷ್ಟು ವರ್ಷದಲ್ಲಿ ಒಂದೇ ಒಂದು ಪಂದ್ಯದಲ್ಲೂ ಹತ್ತು ಅಂಕ ದಾಟಲಿಲ್ಲ. ಅಳತೆಯ ಕೋಣೆಯಲ್ಲಿ ಅವಳ ಮೇಜು ಕಿಟಕಿಯ ಪಕ್ಕಕ್ಕೆ ಬಂತು, ಆಮೇಲೆ ಕೋಣೆಯ ಬೀಗದ ಕೈಯೇ ಅವಳ ಕೈಗೆ ಬಂತು. ಹಲಸೂರಿನ ಮೇಲೆ ನಡೆದ ಪಂದ್ಯಗಳಲ್ಲಿ ಮೂರನೆಯದು, ಅಂದರೆ ಕಾಯಂ ಆದ ಮೇಲಿನ ಮೊದಲನೆಯದು, ೧೯೯೭ರ ಆಗಸ್ಟಿನಲ್ಲಿ. ಆಟ ಶುರುವಾಗುವ ಮುನ್ನ ನಾಗರತ್ನಾ ನೆಲದ ಮೇಲೆ ಕೂತು ಬೂಟಿನ ಲೇಸ್ ಬಿಗಿಯುತ್ತ ಕೇಳಿದಳು.

"ಪರ್ಮನೆಂಟ್ ಆತಂತಲ್ಲ ತಂಗಿ?"

"ಹೂಂ ಅಕ್ಕ."

"ನನ್ನ ಗೀಟು ಲೆಕ್ಕ ಹಾಕಿ ನೌಕರಿ ಹಿಡದಿ. ಅಂದ್ರ ಇನ್ನ ಹತ್ತು ವರ್ಷ ನೀ ನನ್ನ ಬೆನ್ನ ಬಿಡಂಗಿಲ್ಲ."

"ನಿಮ್ಮ ಬೆನ್ನಲ್ಲ ಅಕ್ಕ, ನಾನು ನಿಮ್ಮ ಮುಂದೆ ಇರ್ತೀನಿ. ಬೆನ್ನು ನಂದು."

ನಾಗರತ್ನಾ ಒಂದು ಕ್ಷಣ ಅದನ್ನು ಲೆಕ್ಕ ಹಾಕಿ ನೋಡಿ, "ಅದೂ ಖರೆ" ಎಂದು ಕೈ ಚಾಚಿದಳು. ಸುಕನ್ಯ ಅದನ್ನು ಹಿಡಿದು ಅವಳನ್ನು ಮೇಲೆಬ್ಬಿಸಿದಳು, ಇಬ್ಬರೂ ರಿಂಗಿನ ಕೆಳಗೆ ನಡೆದರು.